ತಾನೇ ಶುರುವಾದ ಪಂಪು

ರಾಮನಗರದ ಶುಕೂರ್ ವೈರಿಂಗ್ ಕಲಿತದ್ದು ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ. ಅಲ್ಲಿ ಮೋಟಾರ್ ನಿಂತರೆ ಬಿಸಿನೀರಿನಲ್ಲಿದ್ದ ಗೂಡು ಹಾಳು. ಕರೆಂಟ್ ಹೋಗಿ ಬಂದ ಕೂಡಲೇ, ಮೋಟಾರಿಗೆ ಕರೆಂಟ್ ಬಿಡುವ ರಿಲೇ ಟಕ್ಕೆಂದು ಹಿಡಿದು ಮೋಟಾರ್ ತಾನೇ ತಿರುಗಬೇಕು. ಬೀದಿಗೆ ಬೀದಿಯೇ ಹಾಗೆ ವೈರ್ ಎಳೆಸಿಕೊಂಡಿತ್ತು.

ನೂಲಿನ ಕಸುಬು ಸೊರಗಿದ ಮೇಲೆ ಅವನು ಕೂಟಗಲ್ ಕಡೆಯ ಒಂದು ರೆಸಾರ್ಟಿನಲ್ಲಿ ಈಜುಕೊಳದ ಪಂಪು, ದೀಪಗಳ ರಿಲೇ ಪೆಟ್ಟಿಗೆ ನೋಡಿಕೊಳ್ಳಲು ಸೇರಿದ. ಇಲ್ಲಿನ ಕಟ್ಟಳೆಯೇ ಬೇರೆ. ಕರೆಂಟ್ ಹೋದರೆ ರಿಲೇ ಕೈಬಿಡುತ್ತದೆ. ಬಂದ ಮೇಲೆ ಯಾರಾದರೂ ಹೋಗಿ ಹಸಿರು ಬಟನ್ ಒತ್ತಬೇಕು. ಆ ಓಟ ಕೊಳ ತೊಳೆಯುವ ಪುಟ್ಟಲಿಂಗಯ್ಯನದು. ಕುರಿ ಮಾರಿ ಕೆಲಸಕ್ಕೆ ಬಂದವನು, ಶುಕೂರನ ಬುತ್ತಿಯಲ್ಲಿ ಪಾಲುದಾರ.

"ಕುರಿ ಇಂದೆ ಓಡಿದ್ ಸಾಲ್ದು ಅಂತ ಈಗ ಬಟನ್ ಇಂದೆ ಓಡ್ತಾ ಇವ್ನಿ ಕಣ್ಲಾ," ಎಂದು ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ನಕ್ಕ.

ಆ ಓಟ ತಪ್ಪಿಸಬೇಕೆಂದು ಶುಕೂರ್ ಆಗಲೇ ರಿಲೇ ಪೆಟ್ಟಿಗೆ ತೆರೆದ. ಬಟನ್ನಿನ ಎರಡು ತುದಿಗೂ ಒಂದು ತುಂಡು ವೈರ್ ಬಿಗಿದು, ಪಂಪು ತಾನೇ ಶುರುವಾಗುವಂತೆ ಮಾಡಿದ. ಮಾಡಿದ್ದನ್ನು ಹೇಳಲಿಲ್ಲ. ನೂಲಿನ ಬೀದಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳುವ ಪದ್ಧತಿ ಇರಲಿಲ್ಲ, ಅಲ್ಲಿ ಹಸುಗೂಸಿಗೂ ಗೊತ್ತಿದ್ದ ಸಂಗತಿ ಅದು.

ಅವತ್ತು ಮಧ್ಯಾಹ್ನ ಕರೆಂಟ್ ಹೋಯಿತು. ಎಲೆ ಕಟ್ಟಿಕೊಂಡ ಪಂಪು ಬಿಡಿಸಲು ಇದೇ ಸಮಯವೆಂದು ಪುಟ್ಟಲಿಂಗಯ್ಯ ಮುಚ್ಚಳ ತೆಗೆದು ಬಲಗೈ ಒಳಗಿಟ್ಟ. ಕರೆಂಟ್ ಬಂತು. ಬೆರಳುಗಳು ಹೋದವು.

ಜನ ಅವನನ್ನು ಆಸ್ಪತ್ರೆಗೆ ಒಯ್ಯುವ ಗಲಾಟೆಯಲ್ಲಿ ಶುಕೂರ್ ಆ ತುಂಡು ವೈರ್ ಕಿತ್ತು ಜೇಬಿಗೆ ಹಾಕಿಕೊಂಡ. ಮೇನ್ ಸ್ವಿಚ್ ತೆಗೆಯದೆ ಕೈ ಹಾಕಿದ್ದು ಪುಟ್ಟಲಿಂಗಯ್ಯನದೇ ತಪ್ಪೆಂದು ಮ್ಯಾನೇಜರ್, ಬಟನ್ ಒತ್ತಿದ್ದು ಯಾರೆಂದೂ ಕೇಳದೆ, ಅವನನ್ನು ಕೆಲಸದಿಂದ ತೆಗೆದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ.

ತಡೆಯಲಾರದೆ ಶುಕೂರ್ ಅವನ ಮನೆಗೆ ಹೋಗಿ ಕಾಲು ಹಿಡಿದ. "ವೈರ್ ಕಟ್ಟಿದ್ದು ನಾನು. ನಾಳೇನೇ ಮ್ಯಾನೇಜರ್‌ಗೆ ಎಲ್ಲಾ ಹೇಳ್ಬುಡ್ತೀನಿ."

ಪುಟ್ಟಲಿಂಗಯ್ಯ ಎಡಗೈಯಿಂದ ಅವನನ್ನು ಎಬ್ಬಿಸಿದ. "ಯೋಳ್ಬ್ಯಾಡ ಕಣ್ಲಾ. ಯೋಳುದ್ರೆ ಬೆಳ್ಳು ಬಂದ್ಬುಡ್ತವಾ? ನಿನ್ ಮನೆ ಒಲೇನೂ ಆರೋದ್ ಬ್ಯಾಡ." ಅವನ ಹೆಂಡತಿ ಪುಟ್ಟಗೌರಮ್ಮ ಎದ್ದು ಒಳಗೆ ಹೋದಳು.

ಶುಕೂರ್ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅವನು ಅಷ್ಟು ದೂರ ಹೋದದ್ದೇ ಆ ಮಾತು ಕೇಳಿಸಿಕೊಳ್ಳಲು. ಅದು ಅವನಿಗೂ ಗೊತ್ತಿತ್ತು.

ಮುಂದೆ ಕೊಳ ತೊಳೆಯಲು ಬಂದವನು ಅಮೀರ್. ಪಂಪಿನ ಮುಚ್ಚಳ ಮುಟ್ಟಲು ಹೆದರುತ್ತಾ ಕೇಳಿದ: "ಮೊದ್ಲಿದ್ದವ್ನು ಎಚ್ಚರ ತಪ್ಪಿ ಕೈ ಕಳ್ಕಂಡ್ನಂತೆ, ಔದಾ ಭಾಯ್?"

ಶುಕೂರ್ ತಲೆ ಎತ್ತದೆ, "ಹೂಂ," ಎಂದ.