ಅವರು ಓದಿದರು, ನಾನು ಬರೆದೆ

ಮೂರು ವರ್ಷ ನಾನು ತುಮಕೂರಿನ ಒಂದು ವಾರಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದೆ. ಆ ಮೂರು ವರ್ಷಗಳಲ್ಲಿ ಬರೆಯುವ ಮುಂಚೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಪುಸ್ತಕ ಎಷ್ಟು ಎಂದು ನೀವು ಕೇಳಬಾರದು. ಕೇಳಿಯೇ ಕೇಳುತ್ತೀರಿ ಎಂದು ಗೊತ್ತಿರುವುದರಿಂದ ನಾನೇ ಹೇಳಿಬಿಡುತ್ತೇನೆ: ಒಂದೂ ಇಲ್ಲ. ಬೆನ್ನುಡಿಗಳನ್ನು ಮಾತ್ರ ಶ್ರದ್ಧೆಯಿಂದ ಓದಿದ್ದೇನೆ. ಅಲ್ಲಿ ಲೇಖಕರ ಫೋಟೊ ಇರುತ್ತದಲ್ಲ, ಹತ್ತರಲ್ಲಿ ಎಂಟು ಜನ ಕೆನ್ನೆಗೆ ಕೈಕೊಟ್ಟು ಕೂತಿರುತ್ತಾರೆ. ಹಲ್ಲುನೋವು ಇರುವವರೇ ಯಾಕೆ ಸಾಹಿತ್ಯಕ್ಕೆ ಬರುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದು ಸೋಮಾರಿತನ ಅಂದುಕೊಳ್ಳಬೇಡಿ, ಉದ್ಯೋಗ ಅಂಟಿಸಿದ ಕಾಯಿಲೆ. ನಾನು ಮಧುಗಿರಿ, ಶಿರಾ, ಪಾವಗಡ ಎಂದು ವರ್ಗವಾಗುತ್ತಾ ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಸಾಕ್ಷಿ ಹೇಳಿದ್ದು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತಿತ್ತು. ದಾರಿಯಲ್ಲಿ ತಲೆಯೊಳಗೆ ಹೊಕ್ಕು ಬರುವ ಪದ್ಧತಿ ಇರಲಿಲ್ಲ. ಹೊಕ್ಕರೆ ಕೆಲಸ ಕೆಡುತ್ತದೆ, ಇದು ಅನುಭವದ ಮಾತು. ಬದುವಿನ ಹುಣಸೇಮರ ಯಾರದು ಎಂದು ಒಮ್ಮೆ ಯೋಚಿಸಲು ಹೋಗಿ ವಾದಿಯನ್ನು ಪ್ರತಿವಾದಿ ಮಾಡಿ ಜಡ್ಜ್ ಸಾಹೇಬರಿಂದ ಬೈಸಿಕೊಂಡಿದ್ದೆ. ನಿವೃತ್ತಿಯಾದರೂ ಬೆರಳಿಗೆ ಆದೇಶ ತಲುಪಿಲ್ಲ. ಪುಸ್ತಕ ತೆರೆದರೆ ಸಾಕು, ರಟ್ಟಿನ ಮೇಲೆ ಟಕಟಕ ಕುಣಿಯತೊಡಗುತ್ತವೆ. ಹತ್ತು ಪುಟ ಕಳೆದ ಮೇಲೆ ನೋಡಿದರೆ ತಲೆಯೊಳಗೆ ಒಂದಕ್ಷರ ಇರುವುದಿಲ್ಲ.

ಇಂಥವಳು ವಿಮರ್ಶಕಿ ಆದದ್ದು ಹೇಗೆಂದರೆ, ನಿವೃತ್ತಿಯ ಹೊಸದರಲ್ಲಿ ಕೈ ಸುಮ್ಮನಿರಲಾರದೆ ಆ ವಾರಪತ್ರಿಕೆಯ ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಅಂಚೆಗೆ ಹಾಕಿದೆ. ಸಂಪಾದಕರು ತಪ್ಪು ತಿದ್ದಿಕೊಳ್ಳುವ ಬದಲು ಒಂದು ಪಾರ್ಸೆಲ್ ಕಳಿಸಿದರು. ಕಾಗುಣಿತ ಬರುವವರಿಗೆ ಸಾಹಿತ್ಯವೂ ಬರುತ್ತದೆ ಎಂಬುದು ಅವರ ನಂಬಿಕೆ. ಪಾರ್ಸೆಲಿನಲ್ಲಿ ಒಂದು ಅಡುಗೆ ಪುಸ್ತಕ, ಆರುನೂರು ಪುಟದ ಒಂದು ಕಾದಂಬರಿ, ಮೂವತ್ತು ದಿನಗಳಲ್ಲಿ ಯಶಸ್ವಿಯಾಗುವುದು ಹೇಗೆ ಎಂಬ ಕೈಪಿಡಿ. ಜೊತೆಗೆ ಒಂದು ಚೀಟಿ: ‘ಬೇಗ ಓದಿ ಅಭಿಪ್ರಾಯ ಬರೆಯಿರಿ.’

ಆ ಪಾರ್ಸೆಲ್ ಕೈಚೀಲದಲ್ಲಿಟ್ಟುಕೊಂಡೇ ಮಧುಗಿರಿಯಿಂದ ಶಿರಾಕ್ಕೆ ಹೊರಟೆ. ನನ್ನ ರವಿಕೆ ಹೊಲಿಯುವುದು ಶಿರಾ ಕೋರ್ಟಿನ ಎದುರಿಗಿರುವ ಖಲೀಲ್ ಸಾಹೇಬರು. ಕೋರ್ಟ್ ಬಿಟ್ಟರೂ ಟೈಲರನ್ನು ಬಿಟ್ಟಿರಲಿಲ್ಲ. ಬಸ್ಸು ಬಡವನಹಳ್ಳಿಯಲ್ಲಿ ನಿಂತಾಗ ರಂಗಮ್ಮನ ಹೋಟೆಲಿಗೆ ಕಾಫಿಗೆ ಇಳಿದೆ. ರಂಗಮ್ಮ ನನ್ನ ಚೀಲದಲ್ಲಿ ಇಣುಕುತ್ತಿದ್ದ ಅಡುಗೆ ಪುಸ್ತಕವನ್ನು ತಾವೇ ಎಳೆದುಕೊಂಡು, ‘ಬರೋ ವಾರ ಕೊಡ್ತೀನಿ’ ಅಂದರು. ಬರುವ ವಾರ ಕೊಟ್ಟರು, ಅಭಿಪ್ರಾಯದ ಸಮೇತ.

‘ಬರ್ದೋರು ಒಂದಿನಾನೂ ಒಲೆ ಮುಂದೆ ಕುಂತಿಲ್ಲ ಕಣಮ್ಮ. ರುಚಿಗೆ ತಕ್ಕಷ್ಟು ಉಪ್ಪು ಹಾಕಿ ಅಂತ ಹೇಳವ್ರೆ. ಯಾರ ರುಚಿಗೆ? ಎಷ್ಟು ತಕ್ಕದ್ದು ಅಂತ ನಂಗೇ ಗೊತ್ತಿದ್ರೆ ಇವ್ರ ಪುಸ್ತಕ ಯಾಕ್ ಬೇಕು?’

ಅಂದೇ ಮನೆಗೆ ಬಂದು ಬರೆದೆ: ‘ಕೃತಿಯು ನಿರ್ಣಾಯಕ ಘಟ್ಟಗಳಲ್ಲಿ ಓದುಗನ ವಿವೇಕಕ್ಕೇ ಹೊಣೆಯನ್ನು ವರ್ಗಾಯಿಸಿ ತಾನು ಜಾರಿಕೊಳ್ಳುತ್ತದೆ.’ ಸಂಪಾದಕರು ಫೋನ್ ಮಾಡಿ, ಇಂಥ ವಾಕ್ಯ ನಮ್ಮ ಪತ್ರಿಕೆಯಲ್ಲಿ ಇದೇ ಮೊದಲು ಎಂದರು. ರಕ್ತದ ರುಚಿ ಹತ್ತಿದ್ದು ಅಲ್ಲೇ.

ಕಾದಂಬರಿಯನ್ನು ತಿರುಮಣಿಯ ನರಸಿಂಹುಲು ಅವರಿಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಪಾವಗಡ ಕೋರ್ಟಿಗೆ ಒಂದು ಗಡಿ ತಕರಾರಿನಲ್ಲಿ ಸಾಕ್ಷಿಯಾಗಿ ವರ್ಷಗಟ್ಟಲೆ ಬಂದುಹೋದವರು. ಕಾಯುವಾಗೆಲ್ಲ ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಡಿಸಿ ಓದುತ್ತಿದ್ದರು. ಈಗ ಹೊಲವನ್ನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಬಿಸಿಲೇ ದುಡಿಯುತ್ತದೆ ಎಂದು ಜಗಲಿಯ ಮೇಲೆ ಕಾಲು ಚಾಚಿದ್ದಾರೆ. ಆರುನೂರು ಪುಟಕ್ಕೆ ಇಂಥವರೇ ಬೇಕು. ಹದಿನೈದು ದಿನಕ್ಕೆ ಅವರ ತೆಲುಗು ಬೆರೆತ ಕನ್ನಡದಲ್ಲಿ ಫೋನ್ ಬಂತು.

‘ಅಬ್ಬೋ ಮೇಡಂ, ಆ ಹೀರೋ ಕಿಟಕಿ ತಾವ ನಿಂತ್ಕೊಂಡು ಆಲೋಚನೆ ಮಾಡ್ತಾನೆ. ಎಷ್ಟು ಸಾರಿ ಅಂತೀರಿ? ನಲವತ್ತೊಂದು! ನಾನು ಗೋಡೆ ಮೇಲೆ ಗೀಟು ಹಾಕಿದೀನಿ. ಒಕ್ಕ ಸಾರಿ ಕೂಡಾ ಆ ಕಿಟಕಿ ಬಾಗ್ಲು ತೆಗೀಲಿಲ್ಲ!’

ಅದನ್ನು ‘ಕಿಟಕಿಯ ರೂಪಕ ಆವರ್ತನಗೊಳ್ಳುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ’ ಎಂದು ಬರೆದೆ. ತುಮಕೂರಿನ ಕಾಲೇಜೊಂದರ ಕನ್ನಡ ಅಧ್ಯಾಪಕರು ನನ್ನ ಸೂಕ್ಷ್ಮ ಒಳನೋಟವನ್ನು ಮೆಚ್ಚಿ ಪತ್ರ ಬರೆದರು. ನಲವತ್ತೊಂದು ಗೀಟುಗಳ ಒಳನೋಟ.

ಇಲ್ಲಿ ನಮ್ಮ ಕಡೆಯ ವಿಮರ್ಶಾ ಪರಿಭಾಷೆಯ ಬಗ್ಗೆ ಎರಡು ಮಾತು ಹೇಳಬೇಕು. ಪಂಡಿತರು ‘ಓದಿಸಿಕೊಂಡು ಹೋಗುತ್ತದೆ’ ಎನ್ನುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದು ಹೇಳಿದವರನ್ನು ನಾನು ಕಂಡಿಲ್ಲ. ನಮ್ಮವರು ಹಾಗಲ್ಲ, ಮೂರೇ ದರ್ಜೆ. ‘ಚೆನ್ನಾಗೈತೆ’ ಅಂದರೆ ಓದಿಲ್ಲ ಎಂದು ಅರ್ಥ. ‘ಏನೋ ಬರ್ದವ್ರೆ’ ಅಂದರೆ ಎರಡು ಪುಟ ಓದಿ ಇಟ್ಟಿದ್ದಾರೆ. ‘ಪರವಾಗಿಲ್ಲ’ ಅಂದರೆ ಮಾತ್ರ ಅದು ಪ್ರಶಸ್ತಿಗೆ ಸಮ. ಆ ‘ಪರವಾ’ ಮೂಲದಲ್ಲಿ ಪಾರಸಿ, ತಮ್ಮ ಮನೆಮಾತು ಉರ್ದುವಿನಿಂದ ಕನ್ನಡಕ್ಕೆ ಬಂದದ್ದು ಎಂದು ನನಗೆ ತಿಳಿಸಿಕೊಟ್ಟವರು ಖಲೀಲ್ ಸಾಹೇಬರು. ಶಿರಾದಲ್ಲಿ ರವಿಕೆ ಹೊಲಿಸಲು ಹೋದವರಿಗೆ ಶಬ್ದಶಾಸ್ತ್ರ ಉಚಿತ.

ಅನಾಹುತ ಆದದ್ದೂ ಅವರಿಂದಲೇ. ಅವರಿಗೆ ಒಂದು ಕವನ ಸಂಕಲನ ಕೊಟ್ಟಿದ್ದೆ. ಕೊರಟಗೆರೆಯ ರುದ್ರೇಶಪ್ಪ ಎಂಬ ನಿವೃತ್ತ ದನದ ಡಾಕ್ಟರರು ಬರೆದ ನಲವತ್ತು ಪದ್ಯಗಳು. ಮುಂದಿನ ಸಲ ಹೋದಾಗ ಖಲೀಲ್ ಸಾಹೇಬರು ಕತ್ತರಿ ಕೆಳಗಿಟ್ಟು, ‘ಅಳತೆ ಬರೋಬರ್ ಐತೆ ಅಮ್ಮಾ, ಆದ್ರೆ ಬಟ್ಟೆ ಕಮ್ಮಿ ಬಿದ್ದೈತೆ’ ಅಂದರು. ನಾನು ಹೆಚ್ಚು ತಿದ್ದಲಿಲ್ಲ. ‘ಛಂದಸ್ಸಿನ ಅಳತೆ ಸರಿಯಿದೆ, ಅನುಭವದ ಬಟ್ಟೆ ಸಾಲದು’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿಕೊಂಡೆ.

ಅದು ಅಚ್ಚಾದ ಮೂರನೆಯ ವಾರ, ಬೆಳಗಿನ ಹತ್ತು ಗಂಟೆಗೆ, ಮಧುಗಿರಿಯ ನನ್ನ ಮನೆಯ ಬಾಗಿಲಲ್ಲಿ ಬಿಳಿ ಶರ್ಟಿನ ಹಿರಿಯರೊಬ್ಬರು ನಿಂತಿದ್ದರು. ಕೈಯಲ್ಲಿ ನನ್ನ ವಿಮರ್ಶೆ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು! ಬೈದು ಬರೆದದ್ದಕ್ಕೆ ಯಾರಾದರೂ ಪ್ಲಾಸ್ಟಿಕ್ ಹಾಕಿಸುತ್ತಾರೆಯೇ? ನಾನು ಬಾಗಿಲನ್ನು ಅರ್ಧ ಮುಚ್ಚಿದೆ.

‘ಜಗಳಕ್ಕೆ ಬಂದಿಲ್ಲ ತಾಯಿ, ನಾನು ರುದ್ರೇಶಪ್ಪ’ ಅಂದರು. ‘ಪುಸ್ತಕ ಮುನ್ನೂರು ಜನಕ್ಕೆ ಹಂಚಿದೆ. ಎಲ್ಲಾರೂ ಚೆನ್ನಾಗೈತೆ ಅಂದ್ರು. ಹಿಂಗೆ ಓದಿ ಹೇಳಿದೋರು ನೀವೊಬ್ರೇ. ಯಾವ್ಯಾವ ಪದ್ಯದಾಗೆ ಬಟ್ಟೆ ಕಮ್ಮಿ ಬಿತ್ತು ಅಂತ ಗುರುತು ಹಾಕಿಕೊಡಿ, ಸರಿಮಾಡ್ತೀನಿ.’

ಪಾಟೀಸವಾಲನ್ನು ಮೂವತ್ತು ವರ್ಷ ಬೆರಳಚ್ಚು ಮಾಡಿದವಳು ನಾನು. ಕಟಕಟೆಯಲ್ಲಿ ನಿಂತವರ ಬಾಯಿ ಯಾಕೆ ಒಣಗುತ್ತದೆ ಎಂದು ಗೊತ್ತಾದದ್ದು ಅವತ್ತು. ಪುಸ್ತಕ ಶಿರಾದಲ್ಲಿದೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ‘ಹಂಗಾದ್ರೆ ನಡೀರಿ, ಬಸ್ಸೈತೆ’ ಅಂದರು. ದಾರಿಯುದ್ದಕ್ಕೂ ಏನು ಹೇಳಲಿ ಎಂದು ನಾನು ಸುಳ್ಳುಗಳನ್ನು ಒಂದೊಂದಾಗಿ ತೂಗಿ ನೋಡುತ್ತಿದ್ದೆ. ಆ ತೊಂದರೆಯನ್ನು ರಂಗಮ್ಮ ತಪ್ಪಿಸಿದರು. ಬಡವನಹಳ್ಳಿಯಲ್ಲಿ ಕಾಫಿ ಲೋಟ ತಂದಿಟ್ಟು, ಪಕ್ಕದಲ್ಲಿ ಯಾರಿದ್ದಾರೆ ಎಂದೂ ನೋಡದೆ, ‘ಮೇಡಮ್ಮೋರೆ, ಆ ಪದ್ಯದ ಪುಸ್ತಕಾನ ಟೈಲರ್ ಸಾಬ್ರಿಗೆ ಯಾಕ್ ಕೊಟ್ರಿ? ನಾನು ಓದಿ ಹೇಳ್ತಿರ್ಲಿಲ್ವಾ? ನಾವು ಹೇಳಿದ್ನ ತಾನೆ ನೀವು ಬರೆಯೋದು?’ ಅಂದರು.

ರುದ್ರೇಶಪ್ಪನವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಓದದೇ ಇದ್ದದ್ದು, ಕದ್ದದ್ದು, ಹೆಸರು ಹಾಕಿಕೊಂಡದ್ದು. ತಲೆ ಎತ್ತುವ ಧೈರ್ಯವಿರಲಿಲ್ಲ. ವಾಪಸು ಹೋಗುವ ಬಸ್ಸು ಹತ್ತುತ್ತಾರೆ ಅಂದುಕೊಂಡೆ. ಅವರು ಎದ್ದು ನಿಂತು ಲ್ಯಾಮಿನೇಷನ್ ಹಾಳೆಯನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು, ‘ಓದಿದೋರು ಒಬ್ರಾದ್ರೂ ಇದಾರಲ್ಲ. ಅವ್ರನ್ನೇ ನೋಡೋಣ ನಡೀರಿ’ ಅಂದರು.

ಖಲೀಲ್ ಸಾಹೇಬರಿಗೆ ತಮ್ಮ ಮಾತು ಪತ್ರಿಕೆಯಲ್ಲಿ ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಹಾಳೆ ಓದಿದರು. ಇನ್ನೊಮ್ಮೆ ಓದಿದರು. ಹೊಲಿಗೆ ಯಂತ್ರ ನಿಂತಿತ್ತು. ಇಪ್ಪತ್ತು ವರ್ಷದ ಪರಿಚಯ ಇವತ್ತಿಗೆ ಮುಗಿಯಿತು ಎಂದು ನಾನು ಗೋಡೆಗೆ ಒರಗಿ ನಿಂತೆ.

‘ಇದು ನಂದೇ ಮಾತು’ ಅಂದರು.

‘ತಪ್ಪಾಯ್ತು ಸಾಹೇಬರೇ’ ಎಂದೆ.

‘ತಗೊಂಡಿದ್ದು ತಪ್ಪಲ್ಲ ಅಮ್ಮಾ. ಅರ್ಧ ಯಾಕೆ ತಗೊಂಡ್ರಿ? ಇನ್ನರ್ಧ ಎಲ್ಲಿ?’

ಹೌದು, ಇನ್ನರ್ಧ ಇತ್ತು. ನಿಮಗೂ ಈಗ ಅರ್ಧವನ್ನೇ ಹೇಳಿದ್ದೆ, ಚಾಳಿ ನೋಡಿ. ಅವತ್ತು ಅವರು ಬಟ್ಟೆ ಕಮ್ಮಿ ಎಂದ ಮೇಲೆ, ‘ಆದ್ರೆ ಆ ಮುದಿ ಹಸುವಿಂದು ಒಂದು ಪದ್ಯ ಐತಲ್ಲ, ಅದು ಬಿಲ್ಕುಲ್ ಫಸ್ಟ್ ಕ್ಲಾಸ್’ ಎಂದೂ ಹೇಳಿದ್ದರು. ನಾನು ಅದನ್ನು ಬಿಟ್ಟೆ. ತೆಗಳಿದರೆ ಓದಿದವರ ಹಾಗೆ ಕಾಣುತ್ತೇವೆ, ಹೊಗಳಿದರೆ ನೆಂಟರ ಹಾಗೆ ಕಾಣುತ್ತೇವೆ. ಅದೂ ಒಂದು ಮುದಿ ಹಸುವನ್ನು ಹೊಗಳುವುದೆಂದರೆ!

ಖಲೀಲ್ ಸಾಹೇಬರು ಪುಸ್ತಕ ತೆಗೆದರು. ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಪುಟ ತಾನಾಗಿ ತೆರೆದುಕೊಂಡಿತು. ಪದ್ಯದಲ್ಲಿ ನಡೆಯುವುದಿಷ್ಟು: ದನದ ಸಂತೆಯಲ್ಲಿ ಒಬ್ಬ ತನ್ನ ಹಸುವಿಗೆ ಆರು ವರ್ಷ ಎನ್ನುತ್ತಾನೆ. ಕೊಳ್ಳುವವನು ಡಾಕ್ಟರನ್ನು ಕರೆಯುತ್ತಾನೆ. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಸವೆದುಹೋದ ಹಲ್ಲು. ಹಸು ಡಾಕ್ಟರನ್ನೇ ನೋಡುತ್ತದೆ. ಡಾಕ್ಟರು ‘ಆರು’ ಅನ್ನುತ್ತಾರೆ. ಅಷ್ಟೇ.

‘ನಮ್ಮಂಗಡೀಗೂ ಬರ್ತಾರೆ’ ಎಂದು ಖಲೀಲ್ ಸಾಹೇಬರು ರುದ್ರೇಶಪ್ಪನವರ ಕಡೆ ತಿರುಗಿದರು. ‘ಮೊದ್ಲಿನ ಅಳತೇನೇ ಹೊಲೀರಿ ಸಾಬ್, ದಪ್ಪ ಆಗಿಲ್ಲ ಅಂತಾರೆ. ನಾನು ಟೇಪ್ ಹಿಡೀತೀನಿ. ನಾಲ್ಕಿಂಚು ಜಾಸ್ತಿ ಇರ್ತದೆ. ಅವ್ರು ನನ್ನ ಮುಖ ನೋಡ್ತಾರೆ. ಹೌದು, ಅಷ್ಟೇ ಐತೆ ಅಂತೀನಿ. ಒಳಗೆ ಬಟ್ಟೆ ಬಿಟ್ಟು ಹೊಲೀತೀನಿ. ಈ ಪದ್ಯ ಓದಿದಾಗ, ಅಲ್ಲಾ, ಇವ್ರಿಗೆ ಹೆಂಗೆ ಗೊತ್ತಾಯ್ತು ಅನ್ನಿಸ್ತು.’

ರುದ್ರೇಶಪ್ಪನವರು ಆ ಪುಟದ ಮೇಲೆ ಬೆರಳಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, ‘ಅದು ಕೊನೇಗೆ ಒಂದು ಪುಟ ಖಾಲಿ ಉಳೀತು ಅಂತ ಹಾಕಿದ್ದು ಸಾಹೇಬ್ರೆ. ತೆಗೆದುಬುಡಾಣ ಅಂತಿದ್ದೆ’ ಅಂದರು. ‘ತೆಗೀಬೇಡಿ! ಉಳಿದಿದ್ದು ತೆಗೀರಿ!’ ಎಂದರು ಖಲೀಲ್ ಸಾಹೇಬರು. ಇಬ್ಬರೂ ಗಟ್ಟಿಯಾಗಿ ನಕ್ಕರು. ಆಮೇಲೆ ಹಸು, ಹಲ್ಲು, ಸೊಂಟ, ಸುಳ್ಳು ಎಂದು ಅವರ ಮಾತು ಎತ್ತೆತ್ತಲೋ ಹೋಯಿತು. ಚಹಾ ತರಿಸಿದರು, ನನ್ನನ್ನು ಮರೆತು ಎರಡೇ ಲೋಟ. ಗಿರಾಕಿಗಳ ಸ್ಟೂಲಿನ ಮೇಲೆ ಮಾಡಲು ಕೆಲಸವಿಲ್ಲದೆ ಕೂತವಳು ಆ ಪುಸ್ತಕವನ್ನು ಕೈಗೆತ್ತಿಕೊಂಡೆ. ಬೆರಳುಗಳು ಅವತ್ತು ಯಾಕೋ ರಟ್ಟಿನ ಮೇಲೆ ಕುಣಿಯಲಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ನಲವತ್ತೂ ಪದ್ಯ ಓದಿ ಮುಗಿದಿತ್ತು. ಮೂವತ್ತೊಂಬತ್ತಕ್ಕೆ ಬಟ್ಟೆ ಕಮ್ಮಿ ಬಿದ್ದದ್ದು ನಿಜ.

ಇಷ್ಟನ್ನೂ ತಪ್ಪೊಪ್ಪಿಗೆಯಾಗಿ ಬರೆದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಗಾಬರಿಯಾಗಿ ಫೋನ್ ಮಾಡಿದರು. ವಿಮರ್ಶಕಿ ಓದಿಲ್ಲ ಎಂದು ಅಚ್ಚಾದರೆ, ಸಂಪಾದಕರು ಓದುತ್ತಾರೆಯೇ ಎಂದು ನಾಳೆ ಜನ ಕೇಳುತ್ತಾರಂತೆ. ಕೊನೆಗೆ ಒಂದು ರಾಜಿಯಾಯಿತು. ತಪ್ಪೊಪ್ಪಿಗೆ ಬೇಡ, ಇನ್ನು ಮೇಲೆ ಓದಿದವರ ಮಾತು ಅವರದೇ ಭಾಷೆಯಲ್ಲಿ, ಅವರದೇ ಊರು ಹೆಸರಿನೊಂದಿಗೆ ಬರಲಿ, ನಾನು ಕಾಗುಣಿತ ನೋಡಿಕೊಂಡರೆ ಸಾಕು. ಮೊದಲ ವಾರವೇ ಖಲೀಲ್ ಸಾಹೇಬರ ಇನ್ನರ್ಧ ಅಚ್ಚಾಯಿತು. ಅಂಕಣದ ಗುಣಮಟ್ಟ ಕುಸಿದಿದೆ ಎಂದು ತುಮಕೂರಿನ ಆ ಅಧ್ಯಾಪಕರು ವಿಷಾದಿಸಿ ಬರೆದರು. ಕಿಟಕಿಯ ನಲವತ್ತೊಂದು ಗೀಟುಗಳ ಲೆಕ್ಕ ಇದ್ದದ್ದು ಇದ್ದಂತೆ ಪ್ರಕಟವಾದ ಮೇಲೆ ಕಾದಂಬರಿಕಾರರು ನರಸಿಂಹುಲು ಅವರಿಗೆ ಎರಡನೆಯ ಭಾಗವನ್ನು ತಾವೇ ಕಳಿಸಿದರು. ಅದರಲ್ಲಿ ನಾಯಕ ಬಾಲ್ಕನಿಯವರೆಗೆ ಬಂದಿದ್ದಾನಂತೆ. ‘ಪರವಾಗಿಲ್ಲ ಮೇಡಂ’ ಎಂದು ನರಸಿಂಹುಲು ಫೋನ್ ಮಾಡಿದ್ದರು.

ಒಪ್ಪದವರು ರಂಗಮ್ಮ ಒಬ್ಬರೇ. ಮೊನ್ನೆ ಅವರ ಹೋಟೆಲಿನಲ್ಲಿ ಇಡ್ಲಿ ತಿಂದು, ಮೊದಲ ಪಾರ್ಸೆಲಿನಿಂದ ಉಳಿದೇಹೋಗಿದ್ದ ಯಶಸ್ಸಿನ ಕೈಪಿಡಿಯ ಬಗ್ಗೆ ಅವರ ಅಭಿಪ್ರಾಯ ಬರೆದುಕೊಂಡು (ಅದನ್ನು ಇಲ್ಲಿ ಹೇಳುವಂತಿಲ್ಲ, ಹೆಂಗಸರೂ ಮಕ್ಕಳೂ ಓದುವ ಪುಸ್ತಕ ಇದು), ನಿಮ್ಮ ಹೆಸರು ಹೇಗೆ ಹಾಕಲಿ ಎಂದು ಕೇಳಿದೆ.

‘ಹೆಸ್ರು ಬ್ಯಾಡ ಕಣಮ್ಮ. ಹೆಸ್ರು ಹಾಕಿದ್ರೆ ಬರ್ದೋರು ಹುಡುಕ್ಕೊಂಡು ಬಂದು ಎದ್ರುಗೆ ಕುಂತ್ಕಂತಾರೆ. ಎದ್ರುಗೆ ಕುಂತೋರ ಮುಖ ನೋಡ್ಕೊಂಡು ನಿಜ ಹೇಳಕಾಯ್ತದಾ?’

ಯಾಕಾಗುವುದಿಲ್ಲ ಎಂದು ನಾನು ವಾದಕ್ಕಿಳಿದೆ. ನಿಜವಾದ ಓದುಗರಿಗೆ ಅಂಜಿಕೆ ಇರಬಾರದು, ಟೈಲರ್ ಸಾಹೇಬರು ಕವಿಯ ಮುಖಕ್ಕೇ ಹೇಳಲಿಲ್ಲವೇ ಎಂದು ಸಾಕಷ್ಟು ಹೊತ್ತು ಭಾಷಣ ಮಾಡಿದೆ. ರಂಗಮ್ಮ ತಟ್ಟೆ ಒರೆಸುತ್ತಾ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ನನ್ನೆದುರಿನ ಬೆಂಚಿನ ಮೇಲೆ ಬಂದು ಕೂತು, ‘ಅದ್ಸರಿ, ಇವತ್ತು ಇಡ್ಲಿ ಹೆಂಗಿತ್ತು?’ ಅಂದರು.

‘ತುಂಬಾ ಚೆನ್ನಾಗಿತ್ತು ರಂಗಮ್ಮ’ ಎಂದೆ.

‘ಇವತ್ತು ಹಿಟ್ಟು ಉಬ್ಬೇ ಇರ್ಲಿಲ್ಲ ಕಣಮ್ಮ’ ಎಂದು ನಕ್ಕು, ಚೀಲದಲ್ಲಿ ಮುಂದಿನ ಪುಸ್ತಕ ಯಾವುದಿದೆ ಎಂದು ನೋಡತೊಡಗಿದರು.