ನೀಲಮ್ಮತ್ತೆಯ ಲೋಟ

ನಾನು ಬರೆದ ಚಿತ್ರವನ್ನು ನನ್ನನ್ನು ಕೇಳದೆ ಕತ್ತರಿಸಿದ್ದಾರೆ. ಕತ್ತರಿಸಿದವನು ನನ್ನ ಅಣ್ಣನ ಮಗ; ಪಕ್ಕದಲ್ಲಿ ನಿಂತು ಅಳತೆ ಹಿಡಿದವಳು ಅವನ ಹೆಂಡತಿ. ಕಕ್ಕಬೆಯಲ್ಲಿರುವ ತಮ್ಮ ಹೋಂಸ್ಟೇಗೆಂದು ಅವರು ತಂದ ಫ್ರೇಮು ಚಿತ್ರಕ್ಕಿಂತ ಕಿರಿದಾಗಿತ್ತಂತೆ. ಅದಕ್ಕಾಗಿ ಬಲಗಡೆಯ ಒಂದು ಪಟ್ಟಿಯನ್ನು, ಅದರಲ್ಲಿದ್ದ ನೀಲಮ್ಮತ್ತೆಯ ಹಿತ್ತಾಳೆ ಲೋಟದ ಸಮೇತ, ತೆಗೆದುಹಾಕಿದರಂತೆ. "ಒಂದು ಲೋಟ ತಾನೆ ಅತ್ತೆ, ಮಿಕ್ಕಿದ್ದೆಲ್ಲ ಖಾಲಿ ಜಾಗ," ಎಂದ. ಹೊಸ ವಾರ್ನಿಷ್ ನಾರುತ್ತಿದ್ದ ಆ ಫ್ರೇಮಿನ ಮುಂದೆ ನಿಂತಿದ್ದರೂ ನನ್ನ ಮೂಗಿಗೆ ಬಂದದ್ದು, ಸೋಮವಾರಪೇಟೆ ಕಡೆಯ ನಮ್ಮ ಹಳೆಯ ಅಡುಗೆಮನೆಯಲ್ಲಿ ಕಾಫಿಕಡ್ಡಿಗಳು ಇದ್ದಿಲಾಗುವಾಗ ಏಳುತ್ತಿದ್ದ ಸಿಹಿಯಾದ ಕಮಟು ವಾಸನೆ.

ನೀಲಮ್ಮತ್ತೆ ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಎಲ್ಲರ ಊಟವಾದ ನಂತರ, ಬಾಗಿಲ ಬಳಿ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ಮದುವೆಗೆ ಮುಂಚೆ ಮಡಿಕೇರಿಯ ಹಾಸ್ಟೆಲಿನಲ್ಲಿದ್ದಾಗ ಕಲಿತ ಚಿತ್ರಕಲೆಯನ್ನು ಆಕೆ ಚಿಕ್ಕವಳಾಗಿದ್ದ ನನಗೆ ಕಲಿಸಿದಳು. ಕಾಫಿಗಿಡ ಸವರಿದಾಗ ಬಿದ್ದ ಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಕೆಂಡದಲ್ಲಿ ಹೂತರೆ ಬರೆಯುವ ಇದ್ದಿಲು ಸಿದ್ಧವಾಗುತ್ತಿತ್ತು. ಗೊಬ್ಬರದ ಚೀಲದೊಳಗಿನ ಕಂದು ಕಾಗದವೇ ನಮ್ಮ ಹಾಳೆ. ಮಣೆಯ ಮೇಲೆ ಮಸಿ ಹಿಡಿದ ಕಾಫಿ ಗಿಂಡಿ, ಒಂದು ಕಂದೀಲು, ಒಂದು ಕಿತ್ತಳೆ.

"ಗಿಂಡಿ ಬರೀಬೇಡ ಮಗಾ. ಗಿಂಡಿಗೂ ಕಂದೀಲಿಗೂ ಮಧ್ಯ ಏನು ಕಾಣ್ತದೆ, ಅದನ್ನ ಬರಿ."

"ಏನೂ ಕಾಣಲ್ಲ."

"ಆ ಏನೂ ಇಲ್ದಿರೋದು ಯಾವ ಆಕಾರದಲ್ಲಿ ಅದೆ, ಅದನ್ನೇ ನೋಡು."

ನೋಡಿದೆ. ಉದ್ದ ಕತ್ತಿನ ಹಕ್ಕಿಯಂಥ ಬೆಳಕಿನ ತುಂಡೊಂದು ಅಲ್ಲಿ ನಿಂತಿತ್ತು! ಅದರ ಅಂಚನ್ನು ಎಳೆದೆ. ಎಡಕ್ಕೆ ಗಿಂಡಿಯೂ ಬಲಕ್ಕೆ ಕಂದೀಲೂ ತಾವಾಗಿ ಮೂಡಿದವು. ಆ ದಿನದ ಹಿಗ್ಗನ್ನು ಮುಂದೆ ಯಾವ ಬಹುಮಾನವೂ ನನಗೆ ಕೊಡಲಿಲ್ಲ. ಅಣ್ಣ ಮಾತ್ರ ನನ್ನ ಕಿತ್ತಳೆಯನ್ನು ಲಗೋರಿ ಚೆಂಡು ಎಂದ. ಅದನ್ನೂ ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಗಿಂಡಿ ಫಳಫಳ ಹೊಳೆಯುತ್ತಿತ್ತು. ಸ್ಟುಡಿಯೋಗೆ ಹೊರಟ ಮದುವಣಗಿತ್ತಿಯನ್ನು ಸಿಂಗರಿಸುವಂತೆ ಅಜ್ಜಿ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಹೊಟ್ಟೆಗೆ ಮೂರು ಗೆರೆ ವಿಭೂತಿ ಬಳಿದು, ಹಿಡಿಗೆ ಸೇವಂತಿಗೆ ಸಿಕ್ಕಿಸಿದ್ದಳು. ನಾನು ಬಾಯಿ ಬಡಿದುಕೊಂಡು ಅತ್ತುಬಿಟ್ಟೆ.

"ಮಸಿ ಮುಖದಲ್ಲಿ ಯಾರಾದ್ರೂ ಪಟ ತೆಗೆಸ್ಕೊತಾರೇನೇ?" ಎಂದು ಅಜ್ಜಿ ನನ್ನನ್ನೇ ಗದರಿಸಿದಳು.

ನೀಲಮ್ಮತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ನೆಲಕ್ಕೇ ಕುಳಿತುಬಿಟ್ಟಳು. "ವಿಭೂತಿನೂ ಬರಿ ಮಗಾ. ಇವತ್ತು ಅದರ ಮುಖ ಹಂಗೇ ಅದೆ."

ಪಟವೆಂದ ಮೇಲೆ ಎಲ್ಲರಿಗೂ ಅದರಲ್ಲಿ ಜಾಗ ಬೇಕಾಯಿತು. ಅಪ್ಪ ಟಾರ್ಚು ತಂದಿಟ್ಟರು, ಗೇಲಿ ಮಾಡಿದ್ದ ಅಣ್ಣ ನಾಚಿಕೆಯಿಲ್ಲದೆ ತನ್ನ ಬುಗುರಿ ಇಟ್ಟ, ಅಜ್ಜಿ ಸುಣ್ಣದ ಡಬ್ಬಿಯನ್ನು ನಟ್ಟನಡುವೆ ತುರುಕಿ, "ನಿಂದೆಲ್ಲೇ ನೀಲಾ?" ಎಂದಳು.

"ನಂದು ಅಂತ ಏನದವ್ವಾ ಈ ಮನೇಲಿ, ಇಡಕ್ಕೆ?"

ಅಜ್ಜಿ ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ಅಜ್ಜಿ, "ದಿನಾ ಕಾಫಿ ಯಾವುದ್ರಲ್ಲೇ ಕುಡೀತಿ? ನಾನೇ ಕೊಟ್ಟ ಲೋಟ ಅದು. ತಂದು ಮಡಗೇ ಸುಮ್ಕೆ," ಎಂದಳು. ಅತ್ತೆ ಲೋಟ ತಂದು ಮಣೆಯ ತುತ್ತತುದಿಯಲ್ಲಿ, ಉಳಿದೆಲ್ಲದರಿಂದ ದೂರ ಇಟ್ಟಳು. ಅಪ್ಪ ಅದನ್ನು ಒಳಕ್ಕೆ ಸರಿಸಲು ಹೋದರೆ, "ಅಲ್ಲೇ ಇರ್ಲಣ್ಣ, ಬಾಗಿಲ ಬೆಳಕು ಅಲ್ಲಿಗೇ ಬೀಳ್ತದೆ," ಎಂದಳು. ನಿಜವೇ. ಅಜ್ಜಿಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಚಿತ್ರದ ಲೋಟದ ಅಂಚಿಗೆ ಒಂದು ಚುಕ್ಕೆ ಇಟ್ಟೆ. ಇಡೀ ಹಾಳೆಯಲ್ಲಿ ಹೊಳೆದದ್ದು ಅದೊಂದೇ. ಅತ್ತೆ ಬಹಳ ಹೊತ್ತು ನೋಡಿ, "ಅಲ್ಲ ಕಣೇ, ನಾನು ಎಷ್ಟು ಚೆನ್ನಾಗಿ ಬಂದೀನಿ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರೂ ನಕ್ಕೆವು. ಅಂದು ಅಡುಗೆ ತಡವಾದರೂ ಯಾರೂ ಆಕ್ಷೇಪಿಸಲಿಲ್ಲ.

ಆ ಅಡುಗೆಮನೆ ಈಗಿಲ್ಲ. ಅಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣವಿದೆ. ಅಂದು ನಕ್ಕವರಲ್ಲಿ ಉಳಿದಿರುವವಳು ನಾನೊಬ್ಬಳೇ. ಚಿತ್ರ ಕತ್ತರಿಸಿದ ನಿಮ್ಮಿಬ್ಬರಿಗೇ ಹೇಳುತ್ತಿದ್ದೇನೆ: ಅಜ್ಜಿ, ಅಪ್ಪ, ಅಣ್ಣ ಇವರ ಫೋಟೋಗಳು ನಿಮ್ಮ ಗೋಡೆಯ ಮೇಲೆ ಸಾಲಾಗಿವೆ. ನೀಲಮ್ಮತ್ತೆಯದು ಒಂದೂ ಇಲ್ಲ. ಪ್ರತಿ ಮದುವೆಯಲ್ಲೂ ಫೋಟೋ ತೆಗೆಯುವಾಗ ಆಕೆ ಒಳಗೆ ಬಡಿಸುತ್ತಿದ್ದಳು. ಆದ್ದರಿಂದ ನಿಮ್ಮಿಬ್ಬರ ಕ್ಷಮೆ ನನಗೆ ಬೇಡ, ಹೊಸ ಫ್ರೇಮೂ ಬೇಡ. ಇಷ್ಟು ಹೇಳಿ ಸಾಕು: ಕತ್ತರಿಸಿದ ಆ ಪಟ್ಟಿಯನ್ನು ಎಲ್ಲಿ ಹಾಕಿದಿರಿ?