ಅಮ್ಮ ಒಮ್ಮೆಯೂ ಕೇಳದ ದಿನ

ಅಮ್ಮನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಈ ವರ್ಷ ಫೆಬ್ರವರಿಯ ಒಂದು ಸೋಮವಾರ ಬಲಗಣ್ಣಿನ ಮುಂದೆಯೂ ಕಪ್ಪು ಇಳಿಯಿತು. ಭದ್ರಾವತಿಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆ. ರೆಟಿನಾ ಕಳಚಿದೆ ಎಂದರು. ಗುರುವಾರ ಆಪರೇಷನ್ ಆಯಿತು.

"ಕಣ್ಣೊಳಗೆ ಗ್ಯಾಸ್ ತುಂಬಿದೀವಿ. ಹತ್ತು ದಿನ ಬೋರಲಾಗೇ ಮಲಗ್ಬೇಕು. ದೃಷ್ಟಿ ಎಷ್ಟು ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ" ಎಂದು ಡಾಕ್ಟರು ಮನೆಗೆ ಕಳಿಸಿದರು.

ಮನೆಯಲ್ಲಿ ನಾವಿಬ್ಬರೇ. ಕಣ್ಣಿಗೆ ಹನಿ ಹಾಕಿದ ಹೊತ್ತನ್ನು ಡೈರಿಯಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲೇ ಇನ್ನೊಂದು ಲೆಕ್ಕ: ಅಮ್ಮ ಮುಖ ಕೆಳಗೆ ಮಾಡಿಕೊಂಡೇ "ಇದೀಯೇನೇ?" ಎಂದು ಕೇಳಿದ್ದು ಎಷ್ಟು ಸಲ. ಮೊದಲ ದಿನ ನಲವತ್ತೊಂದು. ಮರುದಿನ ಮೂವತ್ತೆಂಟು. ನೀರು ತರಲು ಎದ್ದರೂ ಕೂಗು. ನಾಲ್ಕನೆಯ ದಿನ ನಿದ್ದೆಗೆಟ್ಟು ಸಿಡುಕಿದೆ.

"ಎಲ್ಲಿಗೆ ಹೋಗ್ಲಮ್ಮ? ಇಲ್ಲೇ ಸಾಯ್ತಿದೀನಲ್ಲ!"

"ಸಾಯ್ಬೇಡ ಮಾರಾಯ್ತಿ, ಆಮೇಲೆ ಹನಿ ಹಾಕೋರ್ಯಾರು?"

ನಕ್ಕೆವು. ಆಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ.

ನನ್ನ ಪ್ರಾರ್ಥನೆಯೂ ಆಗ ಅಷ್ಟೇ ಇತ್ತು. ಕರ್ತನೇ, ಇದ್ದೀಯಾ? ಅಮ್ಮನ ಕಣ್ಣು ಉಳಿಸುತ್ತೀಯಾ? ಪ್ರತಿ ಬೆಳಿಗ್ಗೆ ಕೇಳಿ, ಡೈರಿಯಲ್ಲಿ ಉತ್ತರದ ಜಾಗಕ್ಕೆ ಬರೀ ಗೆರೆ ಎಳೆಯುತ್ತಿದ್ದೆ. ಏಳು ಗೆರೆಗಳಾದವು.

ಎಂಟನೆಯ ದಿನ ಮಧ್ಯಾಹ್ನವಾದರೂ ಅಮ್ಮ ಕೂಗಲಿಲ್ಲ. ಹೆದರಿ ಬಂದು ಬೆನ್ನು ಮುಟ್ಟಿದೆ.

"ಎಚ್ಚರ ಇದೀನಿ ಕಣೇ."

"ಮತ್ಯಾಕೆ ಕರೀಲಿಲ್ಲ?"

"ಕರೆದಾಗೆಲ್ಲ ನೀನಿದ್ದೆ. ಇನ್ನೇನು ಕೇಳೋದು?"

ಸಂಜೆ ಡೈರಿಯಲ್ಲಿ ಸೊನ್ನೆ ಬರೆದೆ. ಕಣ್ಣು ಬರುತ್ತದೋ ಇಲ್ಲವೋ ಅವಳಿಗಿನ್ನೂ ಗೊತ್ತಿರಲಿಲ್ಲ, ಆದರೂ ನೆಮ್ಮದಿಯಾಗಿದ್ದಳು. ನಂಬಿಕೆಯ ಬಗ್ಗೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಿದ್ದ ನನಗೆ ಅದು ಏನೆಂದು ಕಂಡದ್ದು ಅಂದೇ. ಮರುದಿನ ನಾನೂ ಕೇಳಲಿಲ್ಲ. "ಕರ್ತನೇ, ನೀನಿದ್ದೀಯ. ನನಗೆ ದಣಿವಾಗಿದೆ" ಎಂದಷ್ಟೇ ಹೇಳಿ, ಗೆರೆ ಎಳೆಯದೆ ಡೈರಿ ಮುಚ್ಚಿದೆ. ಅಂದು ಹಾಸಿಗೆಯ ಪಕ್ಕದಲ್ಲೇ ಒಂದು ಗಂಟೆ ನಿದ್ದೆ ಬಂತು.

ಹನ್ನೊಂದನೆಯ ದಿನದ ತಪಾಸಣೆಯಲ್ಲಿ ಬರೀ ಮಸುಕು. ಕಾಯಿರಿ ಎಂದರು. ಕಾದೆವು. ಆರನೆಯ ವಾರ ಮತ್ತೆ ಶಿವಮೊಗ್ಗ. ಡಾಕ್ಟರು ತೋರಿಸಿದ ಬೆರಳುಗಳನ್ನು ಎಣಿಸಿದಳು. ದೊಡ್ಡಕ್ಷರಗಳ ಎರಡು ಸಾಲು ಓದಿದಳು. ಹಿಂತಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಅದನ್ನೇ ಬರೆಯುತ್ತಾ ಕೂತಿದ್ದೆ. ಅಮ್ಮ ಮೊಣಕೈಯಿಂದ ತಿವಿದಳು.

"ಬರ್ದಿದ್ದು ಸಾಕು, ಅಲ್ನೋಡೇ! ಭದ್ರಾವತಿ ಬೋರ್ಡು. ಏಳು, ಓಡು!"

ಓಡಿದೆವು. ಕರ್ತನಿಗೆ ಸ್ತೋತ್ರ ಹೇಳಲು ಉಸಿರಿರಲಿಲ್ಲ. ಸೀಟು ಸಿಕ್ಕಿದ ಮೇಲೆ ಹೇಳಿದೆ. ಪ್ರಿಯರೇ, ಇಂದು ಈ ಸಭೆಯಲ್ಲಿ ನಿಮ್ಮೆದುರೂ ಹೇಳುತ್ತಿದ್ದೇನೆ.